ಅರವತ್ತರ ಮರೆವು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಮನೆ ನಮ್ಮಲ್ಲಿಲ್ಲ. ಹಿರಿಯರು ಸಂತೆಯಲ್ಲಿ ಕೊಡೆ ಮರೆತು ಬಂದರೆ ಸಾಕು, ಮೊಮ್ಮಗನ ಬಾಯಲ್ಲಿ ಈ ಮಾತು ಸಿದ್ಧವಾಗಿರುತ್ತದೆ. ಆ ಮೊಮ್ಮಗ ವಾರಕ್ಕೆರಡು ಬಾರಿ ಕಂಪಾಸು ಪೆಟ್ಟಿಗೆ ಮರೆತು ಶಾಲೆಗೆ ಬರುವುದನ್ನು ಉಪಾಧ್ಯಾಯನಾದ ನಾನು ಬಲ್ಲೆ. ಹದಿನಾಲ್ಕರ ಮರೆವಿಗೆ ಮಾತ್ರ ಯಾರೂ ಗಾದೆ ಕಟ್ಟಲಿಲ್ಲ! ಬೇಂದ್ರೆಯವರು ‘ಅರಳು ಮರಳು’ ಎಂದೇ ಹೆಸರಿಟ್ಟ ಸಂಕಲನಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅವರ ವಯಸ್ಸು ಅರವತ್ತೆರಡು. ಮರಳಿ ಅರಳುವುದೆಂಬ ಅರ್ಥವೂ ಆ ಎರಡು ಶಬ್ದಗಳಲ್ಲಿ ಅಡಗಿದೆಯಲ್ಲವೆ?

ಗಾದೆ ತಮಾಷೆಯಲ್ಲಿ ಮುಗಿದರೆ ಚಿಂತೆಯಿಲ್ಲ. ಆದರೆ ಅದರ ಹೆಸರಿನಲ್ಲಿ ಮನೆಗಳಲ್ಲಿ ಎರಡು ಬಗೆಯ ಅನ್ಯಾಯ ನಡೆಯುತ್ತದೆ. ಬುದ್ಧಿ ಸ್ವಸ್ಥವಾಗಿರುವ ಅಜ್ಜನ ಕೈಯಿಂದ ಬ್ಯಾಂಕಿನ ಪುಸ್ತಕವನ್ನೂ ಅಜ್ಜಿಯ ಸೊಂಟದಿಂದ ಬೀಗದ ಕೈಯನ್ನೂ ‘ನಿಮಗೆ ಮರೆವು’ ಎಂದು ತೆಗೆದುಕೊಂಡುಬಿಡುತ್ತಾರೆ. ಇನ್ನು ಕೆಲವರು, ನಿಜವಾಗಿ ರೋಗ ಹತ್ತಿದ ಹಿರಿಯರನ್ನು ‘ವಯಸ್ಸಾಯಿತು, ಇನ್ನೇನು’ ಎಂದು ವೈದ್ಯರಿಗೆ ತೋರಿಸದೆ ಮೂಲೆಯಲ್ಲಿ ಕೂರಿಸುತ್ತಾರೆ. ಇವೆರಡೂ ತಪ್ಪಬೇಕಾದರೆ ಮುಪ್ಪಿನ ಸಹಜ ಮರೆವು ಯಾವುದು, ರೋಗದ ಮರೆವು ಯಾವುದು ಎಂಬ ವಿವೇಚನೆ ತಮ್ಮಲ್ಲಿರಬೇಕು.

ಮೊದಲು ತಿಳಿಯಬೇಕಾದದ್ದು, ನೆನಪು ಒಂದೇ ಪೆಟ್ಟಿಗೆಯಲ್ಲ ಎಂಬುದು. ಸೈಕಲ್ ತುಳಿಯುವುದು, ರೊಟ್ಟಿ ಬಡಿಯುವುದು ಕೈಕಾಲಿನ ನೆನಪು. ಶಬ್ದಗಳೂ ಅವುಗಳ ಅರ್ಥವೂ, ಲೋಕದ ತಿಳಿವಳಿಕೆಯೂ ಮತ್ತೊಂದು. ನಿನ್ನೆ ಯಾರು ಬಂದಿದ್ದರು, ಏನು ಮಾತಾಯಿತು ಎಂಬುದು ಇನ್ನೊಂದು. ಅಂಗಡಿಯವನು ಹೇಳಿದ ಲೆಕ್ಕವನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದು ಕೂಡುವುದು ಬೇರೆಯೇ ಶಕ್ತಿ. ವಯಸ್ಸು ಇವೆಲ್ಲವನ್ನೂ ಸಮನಾಗಿ ಮುಟ್ಟುವುದಿಲ್ಲ. ಕೊನೆಯ ಎರಡು ಮೆಲ್ಲಗೆ ಸಡಿಲಗೊಳ್ಳುತ್ತವೆ; ಮೊದಲಿನದು ಬಹುಮಟ್ಟಿಗೆ ಉಳಿಯುತ್ತದೆ; ಶಬ್ದಸಂಪತ್ತಂತೂ ಅರವತ್ತರವರೆಗೂ ಅದರಾಚೆಗೂ ಬೆಳೆಯುತ್ತಲೇ ಇರುತ್ತದೆ.

ಗಾದಿಗನೂರಿನವರಾದ ನಮಗೆ ಇದಕ್ಕೆ ದೂರದ ಸಾಕ್ಷಿ ಬೇಕಿಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆ ಈರಮ್ಮನವರನ್ನು ತಾವು ಬಲ್ಲಿರಿ. 1930ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡ ಆ ತಾಯಿ ಅಕ್ಷರ ಕಲಿತವರಲ್ಲ. ಕುಮಾರರಾಮನ ಕಥೆ, ಬಾಲನಾಗಮ್ಮನ ಕಥೆ ಮೊದಲಾದ ಹನ್ನೆರಡು ಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಬರೆದರೆ ಏಳು ಸಾವಿರ ಪುಟವಾದೀತೆಂಬುದು ಅವರ ವಿಷಯದಲ್ಲಿ ಪ್ರಸಿದ್ಧವಾದ ಲೆಕ್ಕ. ಎಪ್ಪತ್ತು ದಾಟಿದ ಮೇಲೂ ಅವರು ಹಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವವನ್ನಿತ್ತಿತು. ಇದು ಪವಾಡವಲ್ಲ. ಎಳವೆಯಲ್ಲಿ ಹಿಡಿದದ್ದು, ತಾಳಕ್ಕೆ ಕಟ್ಟಿದ್ದು, ಕಥೆಯ ಎಳೆಯಲ್ಲಿ ಪೋಣಿಸಿದ್ದು, ಸಾವಿರ ಸಲ ಹಾಡಿದ್ದು—ಇಂಥ ನೆನಪನ್ನು ಮುಪ್ಪು ಸುಲಭವಾಗಿ ಅಲುಗಿಸಲಾರದು.

ಹಾಗಾದರೆ ಸಡಿಲುವುದು ಯಾವುದು? ‘ಅವಧಾನ’ವೆಂದೊಡನೆ ತಮಗೆ ಅಷ್ಟಾವಧಾನದ ಸಭೆ ನೆನಪಾಗಬಹುದು. ಆ ಶಬ್ದದ ಮೂಲಾರ್ಥ ಗಮನ. ಗಮನವಿಟ್ಟು ಒಳಗೆ ತೆಗೆದುಕೊಳ್ಳದ ಸಂಗತಿ ನೆನಪಾಗಿ ಹೊರಗೆ ಬರುವುದೆಲ್ಲಿಂದ? ವಯಸ್ಸಾದಂತೆ ಏಕಕಾಲಕ್ಕೆ ಎರಡು ಕಡೆ ಗಮನವಿಡುವುದು ಕಷ್ಟವಾಗುತ್ತದೆ. ಒಲೆಯ ಮೇಲೆ ಹಾಲಿದ್ದಾಗ ಟೆಲಿಫೋನ್ ಬಾರಿಸಿದರೆ ಹಾಲು ಉಕ್ಕುತ್ತದೆ. ಸ್ವಸ್ಥ ಮುಪ್ಪಿನಲ್ಲಿ ಮಿದುಳಿನ ಜೀವಕೋಶಗಳು ರಾಶಿರಾಶಿಯಾಗಿ ಸಾಯುತ್ತವೆಂಬ ಹಿಂದಿನ ಎಣಿಕೆಯನ್ನು ವಿಜ್ಞಾನಿಗಳು ಈಗ ಒಪ್ಪುವುದಿಲ್ಲ. ಕೋಶಕೋಶಗಳ ನಡುವಣ ಸಂಬಂಧ ತೆಳುವಾಗುತ್ತದೆ, ಸುದ್ದಿ ಹರಿಯುವ ವೇಗ ತಗ್ಗುತ್ತದೆ. ಆದುದರಿಂದಲೇ ಒಂದು ಸುಳಿವು ಕೊಟ್ಟರೆ, ಸ್ವಲ್ಪ ಹೊತ್ತು ಬಿಟ್ಟರೆ, ಮರೆತದ್ದು ತಾನಾಗಿ ಬರುತ್ತದೆ.

ಎಲ್ಲಕ್ಕಿಂತ ಮೊದಲು ಕೈಕೊಡುವುದು ಹೆಸರು. ‘ಬಾಯಲ್ಲೇ ಇದೆ, ಬರುತ್ತಿಲ್ಲ’ ಎಂದು ಒದ್ದಾಡುವುದು ಇದರಿಂದ. 1987ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಒಂದು ಸೊಗಸಾದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅದನ್ನು ನಮ್ಮ ಕಡೆಗೆ ಹೊಂದಿಸಿ ಹೇಳುವುದಾದರೆ ಹೀಗೆ: ಒಂದು ಮುಖವನ್ನು ತೋರಿಸಿ ‘ಇವರು ಬಡಗಿ’ ಎಂದರೆ ನೆನಪಿರುತ್ತದೆ, ‘ಇವರ ಹೆಸರು ಬಡಿಗೇರ’ ಎಂದರೆ ಮರೆತುಹೋಗುತ್ತದೆ. ಬಡಗಿ ಎಂದೊಡನೆ ಉಳಿ, ಬಾಚಿ, ಮರದ ಹೊಟ್ಟು ಎಲ್ಲ ಕಣ್ಣ ಮುಂದೆ ಬರುತ್ತವೆ. ಹೆಸರಿಗೆ ಅಂಥ ಗೂಟವಿಲ್ಲ, ಜಾರಿಬೀಳುತ್ತದೆ. ಯುವಕರಿಗೂ ಹೀಗೇ, ಹಿರಿಯರಿಗೆ ಸ್ವಲ್ಪ ಹೆಚ್ಚು.

ಸಂಗತಿ ಉಳಿದು ಅದರ ಮೂಲ ಮರೆಯುವುದೂ ಸಹಜವೇ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದದ್ದು ಹೊಸಪೇಟೆ, ಕಂಪ್ಲಿಯ ಹಿರಿಯರಿಗೆಲ್ಲ ಚೆನ್ನಾಗಿ ನೆನಪಿದೆ. ಮೊದಲು ಹೇಳಿದವನು ಮಗನೋ, ರೇಡಿಯೋ ಸುದ್ದಿಯೋ ಎಂದು ಕೇಳಿ ನೋಡಿ, ತಡವರಿಸುತ್ತಾರೆ. ಆದರೆ ಅದೇ ಅಣೆಕಟ್ಟು 1953ರಲ್ಲಿ ನೀರು ಕಂಡ ಕಾಲಕ್ಕೆ ಹುಡುಗರಾಗಿದ್ದವರು ಆಗಿನ ಸಡಗರವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾರೆ. ಹತ್ತರಿಂದ ಮೂವತ್ತರೊಳಗಿನ ಅನುಭವಗಳೇ ಬಾಳಿನುದ್ದಕ್ಕೂ ಹೆಚ್ಚಾಗಿ ನಿಲ್ಲುತ್ತವೆ. ಹಳೆಯದೆಲ್ಲ ನೆನಪಿದೆ ಎಂದಮಾತ್ರಕ್ಕೆ ರೋಗವಿಲ್ಲವೆಂದು ಮಾತ್ರ ತಿಳಿಯಬೇಡಿ. ರೋಗದಲ್ಲೂ ಹಳೆಯ ನೆನಪು ಬಹುಕಾಲ ಉಳಿಯುತ್ತದೆ.

ರೋಗದ ಚಿಹ್ನೆಯೇ ಬೇರೆ. ಬೀಗದ ಕೈ ಎಲ್ಲಿಟ್ಟೆನೆಂದು ಮರೆಯುವುದು ಮುಪ್ಪು. ಅದು ಏತಕ್ಕೆಂಬುದೇ ತಿಳಿಯದಿರುವುದು ರೋಗ. ಮದುವೆಗೆ ಹೋದಾಗ ಯಾರನ್ನು ಕಂಡೆನೆಂಬುದು ಮರೆಯಬಹುದು. ಮದುವೆಗೆ ಹೋದದ್ದೇ ಮರೆತರೆ ಎಚ್ಚರವಹಿಸಬೇಕು. ನಲವತ್ತು ವರ್ಷ ನಡೆದ ಓಣಿಯಲ್ಲಿ ದಾರಿ ತಪ್ಪುವುದು, ಕೇಳಿದ್ದನ್ನೇ ಐದು ನಿಮಿಷಕ್ಕೊಮ್ಮೆ ಕೇಳುವುದು, ಚಿಲ್ಲರೆಯ ಲೆಕ್ಕ ಹತ್ತದಿರುವುದು, ಸ್ವಭಾವವೇ ಬದಲಾಗುವುದು—ಇವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬಾರದು. ನಮ್ಮ ದೇಶದಲ್ಲಿ ಅರವತ್ತು ದಾಟಿದ ನೂರು ಜನರಲ್ಲಿ ಸುಮಾರು ಏಳು ಮಂದಿಗೆ ಇಂಥ ಬುದ್ಧಿಮಾಂದ್ಯ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು. ಉಳಿದ ತೊಂಬತ್ತಕ್ಕೂ ಮಿಕ್ಕಿದವರ ಮೇಲೆ ಗಾದೆ ಹೊರಿಸುವುದು ಸುಳ್ಳಾಪಾದನೆಯೇ ಸರಿ. ನಿಜವಾದ ಮುಪ್ಪಿನಲ್ಲಿ ನೆನಪು ವರ್ಷದಿಂದ ವರ್ಷಕ್ಕೆ ಹೇಗೆ ಸಾಗುತ್ತದೆಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರಲ್ಲಿ, 45 ವರ್ಷ ದಾಟಿದ ಹತ್ತು ಸಾವಿರ ಜನರ ಗುರಿಯಿಟ್ಟುಕೊಂಡು, ದೀರ್ಘಕಾಲದ ಅಧ್ಯಯನ ಹೂಡಿದ್ದಾರೆ.

ಮರೆವು ಹೆಚ್ಚಿದೆಯೆಂದು ವೈದ್ಯರ ಬಳಿ ಹೋಗುವುದಕ್ಕೆ ಅಂಜಿಕೆಯೂ ಬೇಡ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ನಿದ್ರೆಯ ಮಾತ್ರೆ, ಮನಸ್ಸಿನ ಖಿನ್ನತೆ, ಇವೂ ಮರೆವನ್ನು ತರುತ್ತವೆ, ಇವಕ್ಕೆ ಪರಿಹಾರವಿದೆ. ಗಂಡನನ್ನು ಕಳೆದುಕೊಂಡು ಮಂಕಾಗಿ ಕುಳಿತ ಅಜ್ಜಿಗೆ ಅರಳುಮರಳೆನ್ನುವುದು ಕ್ರೂರವೆಂದೇ ನನ್ನ ಅಭಿಪ್ರಾಯ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ನಡುವಯಸ್ಸಿನಲ್ಲೇ ಹದದಲ್ಲಿಡುವುದು ಮಿದುಳಿಗೂ ಒಳ್ಳೆಯದು.

ರೇಡಿಯೋ ಇರುವ ಮನೆಯವರಿಗೆ ಇನ್ನೊಂದು ಸೂಚನೆ. ಹಿರಿಯರು ದಿನದಿನಕ್ಕೂ ಧ್ವನಿಯ ಗುಂಡಿಯನ್ನು ಹೆಚ್ಚು ತಿರುಗಿಸುತ್ತಿದ್ದರೆ ರೇಗಬೇಡಿ. ಕಿವಿ ಪರೀಕ್ಷೆ ಮಾಡಿಸಿ. ‘ಹೇಳಿದ್ದು ಮರೆತರು’ ಎಂದು ನಾವು ದೂರುವ ಎಷ್ಟೋ ಸಂದರ್ಭಗಳಲ್ಲಿ ಅವರಿಗೆ ಹೇಳಿದ್ದು ಕೇಳಿಸಿಯೇ ಇರುವುದಿಲ್ಲ. ಬುದ್ಧಿಮಾಂದ್ಯಕ್ಕೆ ದಾರಿಮಾಡುವ, ಆದರೆ ನಾವು ತಡೆಯಬಹುದಾದ ಕಾರಣಗಳಲ್ಲಿ ಕಿವುಡೂ ಒಂದು ಮುಖ್ಯವಾದದ್ದೆಂದು ವೈದ್ಯಲೋಕ ಈಗ ಎಣಿಸುತ್ತದೆ. ಕಿವಿಯ ಯಂತ್ರ ಹಾಕಿದ ಮೊದಲ ಕೆಲವು ವಾರ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲ ಗದ್ದಲವೆನಿಸಿ, ಹಿರಿಯರು ಅದನ್ನು ತೆಗೆದು ಕಪಾಟಿನಲ್ಲಿಡುವುದುಂಟು. ದಿನಕ್ಕೆ ಒಂದೆರಡು ಗಂಟೆಯಿಂದ ಆರಂಭಿಸಿ, ಪಕ್ಕದಲ್ಲಿ ಕುಳಿತು ಮಾತಾಡುತ್ತ ಅಭ್ಯಾಸ ಮಾಡಿಸಿದರೆ ಹೊಂದಿಕೊಳ್ಳುತ್ತದೆ.