ಸೋಲೋ ಟೀಮ್ ನೋಡೋಕೆ ದೋಹಾಕ್ಕೆ ಹೋದ್ರಾ?

ಈ ಪ್ರಶ್ನೆಯನ್ನ ನನಗೆ ಮೊದಲು ಕೇಳಿದ್ದು ನಮ್ಮಮ್ಮ. ಆಮೇಲೆ ಆಫೀಸಿನಲ್ಲಿ ಎಲ್ಲರೂ ಕೇಳಿದ್ರು. 2024ರ ಜನವರಿ ಅದು. 22ನೇ ತಾರೀಕಿನ ಅಯೋಧ್ಯೆ ಕಾರ್ಯಕ್ರಮಕ್ಕೆ ನ್ಯೂಸ್ ರೂಂ ಸಜ್ಜಾಗ್ತಿತ್ತು. ಅಂಥ ಹೊತ್ತಲ್ಲಿ ನಾಲ್ಕು ದಿನ ರಜೆ ಹಾಕಿ, ಇಂಡಿಯಾ ಫುಟ್‌ಬಾಲ್ ಮ್ಯಾಚ್ ನೋಡೋಕೆ ಕತಾರ್‌ಗೆ ಹೋಗ್ತೀನಿ ಅಂದ್ರೆ ಯಾರು ತಾನೇ ನಗಲ್ಲ?

ಶುರುವಾಗಿದ್ದು ನಮ್ಮ ಕಂಠೀರವದಲ್ಲೇ. 2023ರ ಜುಲೈ 4, ಸ್ಯಾಫ್ ಫೈನಲ್. ಕುವೈತ್ ವಿರುದ್ಧ 1-1, ಆಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ ಇಂಡಿಯಾ 5-4. ಎಂಜಿನಿಯರಿಂಗ್ ಕಾಲೇಜಿನ ನಾವು ನಾಲ್ಕು ಜನ ಗೆಳೆಯರು ಗಂಟಲು ಕಟ್ಟೋವರೆಗೂ ಕೂಗಿದ್ವಿ. ಹೊರಗೆ ಬರ್ತಾ ಒಬ್ಬ ಅಂದ, 'ಏಷ್ಯನ್ ಕಪ್‌ಗೆ ಹೋಗೋಣ ಕಣ್ರೋ'. ಆ ರಾತ್ರಿಯೇ ವಾಟ್ಸಾಪ್ ಗ್ರೂಪ್ ಆಯ್ತು.

ಇದು ಕೋಟ್ಯಧಿಪತಿಗಳ ಆಟ ಅಂದುಕೊಳ್ಳಬೇಡಿ. ಭಾರತೀಯ ಪಾಸ್‌ಪೋರ್ಟ್ ಇದ್ದರೆ ಕತಾರ್‌ಗೆ ಮೊದಲೇ ವೀಸಾ ಬೇಕಿಲ್ಲ, ಇಳಿದ ಮೇಲೆ ಸಿಗುತ್ತೆ. ಆದರೆ ರಿಟರ್ನ್ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿ ಇರಲೇಬೇಕು. ಮ್ಯಾಚ್ ಟಿಕೆಟ್ ಶುರುವಾಗಿದ್ದೇ 25 ರಿಯಾಲ್‌ನಿಂದ, ಅಂದ್ರೆ ಆರುನೂರು ರೂಪಾಯಿಗೂ ಕಡಿಮೆ. ಟಿಕೆಟ್‌ನಿಂದ ಬಂದ ಹಣವನ್ನ ಪ್ಯಾಲೆಸ್ಟೀನ್ ಪರಿಹಾರಕ್ಕೆ ಕೊಡ್ತೀವಿ ಅಂತ ಸಂಘಟಕರು ಮೊದಲೇ ಘೋಷಿಸಿದ್ರು. ಮೆಟ್ರೋದಲ್ಲಿ ಒಂದು ಸಲದ ಪ್ರಯಾಣಕ್ಕೆ 2 ರಿಯಾಲ್. ಗ್ರೀನ್ ಲೈನ್ ಹಿಡಿದು ಕೊನೇ ಸ್ಟೇಷನ್ ಅಲ್ ರಿಫಾದಲ್ಲಿ ಇಳಿದರೆ ಅಹ್ಮದ್ ಬಿನ್ ಅಲಿ ಸ್ಟೇಡಿಯಂ ಕಣ್ಣೆದುರಿಗೇ. ದೊಡ್ಡ ಖರ್ಚು ವಿಮಾನ, ಹೋಟೆಲ್ ಎರಡೇ. ರೂಮನ್ನ ನಾಲ್ವರೂ ಹಂಚಿಕೊಂಡ್ವಿ.

ಜನವರಿ 13, ಶನಿವಾರ ಮಧ್ಯಾಹ್ನ. ಎದುರಾಳಿ ಆಸ್ಟ್ರೇಲಿಯಾ. ಫಿಫಾ ರ‍್ಯಾಂಕಿಂಗ್‌ನಲ್ಲಿ ಅವರು 25, ನಾವು 102. ಮೂವತ್ತೈದು ಸಾವಿರ ಜನ ಇದ್ದ ಸ್ಟೇಡಿಯಂನಲ್ಲಿ ಎತ್ತ ನೋಡಿದ್ರೂ ನೀಲಿ. ಕತಾರ್‌ನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಹಾಗಾಗಿ ಪರದೇಶದಲ್ಲಿ ಆಡಿದ್ರೂ ಅದು ನಮ್ಮ ಹೋಮ್ ಮ್ಯಾಚ್. ರಾಷ್ಟ್ರೀಯ ತಂಡದ ಅಭಿಮಾನಿ ಬಳಗ ಬ್ಲೂ ಪಿಲ್‌ಗ್ರಿಮ್ಸ್ ಹೆಸರು ಕೇಳಿದ್ದೆ, ಆದರೆ ಅಲ್ಲಿ ಕೂಗಿದವರಲ್ಲಿ ಬಹುಪಾಲು ಜನ ಅಲ್ಲೇ ದುಡಿಯೋರು.

ನನ್ನ ಪಕ್ಕದ ಸೀಟಿನವರು ಬಂಟ್ವಾಳದ ಕಡೆಯ ಎಲೆಕ್ಟ್ರಿಷಿಯನ್. ಹನ್ನೊಂದು ವರ್ಷದಿಂದ ಅಲ್ಲಿದ್ದಾರೆ. ಗೆಳೆಯನ ಜೊತೆ ಶಿಫ್ಟ್ ಬದಲಾಯಿಸಿಕೊಂಡು ಬಂದಿದ್ರು. 'ನೀವು ಟಿವಿಯವರಲ್ವಾ ಮಾರ್ರೆ?' ಅಂತ ಗುರುತು ಹಿಡಿದ್ರು. ನನಗೋ ಖುಷಿ.

ಹದಿನಾರನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಹೊಡೆದ ಹೆಡ್ಡರ್ ಗೋಲಿನ ಪಕ್ಕದಲ್ಲೇ ಹೋಯ್ತು. ಹಾಫ್ ಟೈಮ್‌ವರೆಗೆ 0-0. ನಮ್ಮವರು ಗೋಡೆ ಕಟ್ಟಿದ ಹಾಗೆ ನಿಂತಿದ್ರು. 50ನೇ ನಿಮಿಷ ಇರ್ವೈನ್, 73ನೇ ನಿಮಿಷ ಬಾಸ್. 0-2. ಮ್ಯಾಚ್ ಮುಗಿದ ಮೇಲೂ ಜನ ಎದ್ದು ಹೋಗಲಿಲ್ಲ, ಆಟಗಾರರ ಜೊತೆ ಚಪ್ಪಾಳೆ ತಟ್ಟುತ್ತಾ ನಿಂತ್ರು.

ಆಗ ಪಕ್ಕದವರು ಕೇಳಿದ್ರು: 'ನಿಮ್ಮ ಚಾನೆಲ್‌ನಲ್ಲಿ ಇದು ಇವತ್ತು ಎಷ್ಟು ನಿಮಿಷ ಬರ್ತದೆ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಹೋಟೆಲ್‌ನಲ್ಲಿ ಫೋನ್ ತೆಗೆದು ನೋಡಿದೆ. ಇಪ್ಪತ್ತು ಸೆಕೆಂಡ್. ತಲೆಬರಹ, 'ಭಾರತಕ್ಕೆ ಹೀನಾಯ ಸೋಲು'. ಬರೆದವರನ್ನ ಬೈಯೋ ಹಕ್ಕು ನನಗಿಲ್ಲ. ಅಂಥ ಸಾಲನ್ನ ನಾನೇ ಎಷ್ಟೋ ಸಲ ಓದಿದ್ದೀನಿ, ಒಂದು ಮ್ಯಾಚನ್ನೂ ಪೂರ್ತಿ ನೋಡದೆ.

ನೋಡಿ, ಎಂಜಿನಿಯರಿಂಗ್‌ನಲ್ಲಿ ಫೀಡ್‌ಬ್ಯಾಕ್ ಲೂಪ್ ಅಂತ ಪಾಠ ಇದೆ. ಫಲಿತಾಂಶವೇ ತಿರುಗಿ ಬಂದು ಕಾರಣ ಆಗೋದು. ಟೀಮ್ ಸೋಲುತ್ತೆ, ಟಿವಿ ತೋರಿಸಲ್ಲ. ತೋರಿಸದಿದ್ರೆ ಜನ ಬರಲ್ಲ, ಜನ ಇಲ್ಲದ ಕಡೆ ಪ್ರಾಯೋಜಕರು ಬರಲ್ಲ. ದುಡ್ಡಿಲ್ಲದೆ ಮಕ್ಕಳಿಗೆ ಒಳ್ಳೇ ಕೋಚ್, ಮೈದಾನ ಸಿಗಲ್ಲ. ಮತ್ತೆ ಟೀಮ್ ಸೋಲುತ್ತೆ. 2018ರಲ್ಲಿ ಮುಂಬೈನಲ್ಲಿ ಇಂಡಿಯಾ ಆಡಿದಾಗ ಬಂದಿದ್ದವರು 2,569 ಜನ. ಬೈಯೋದಿದ್ರೂ ಸ್ಟೇಡಿಯಂಗೆ ಬಂದು ಬೈಯಿರಿ ಅನ್ನೋ ಅರ್ಥದಲ್ಲಿ ಛೆಟ್ರಿ ವಿಡಿಯೋ ಮಾಡಿ ಬೇಡಿಕೊಂಡ್ರು. ಮುಂದಿನ ಮ್ಯಾಚ್‌ಗೆ ಟಿಕೆಟ್ ಪೂರ್ತಿ ಖಾಲಿ! ಅಂದ್ರೆ ಈ ಚಕ್ರವನ್ನ ಎಲ್ಲಾದರೂ ಒಂದು ಕಡೆ ತಡೆದು ಹಿಂದಕ್ಕೆ ತಿರುಗಿಸಬಹುದು. ಹನ್ನೊಂದು ಆಟಗಾರರ ಕೈಯಲ್ಲಿ ಮಾತ್ರ ಅದು ಇಲ್ಲ.

ನಾವು ವಾಪಸ್ ಬಂದ್ವಿ. ಇಂಡಿಯಾ ಉಜ್ಬೇಕಿಸ್ತಾನಕ್ಕೆ 0-3, ಸಿರಿಯಾಕ್ಕೆ 0-1 ಸೋತಿತು. ಮೂರು ಮ್ಯಾಚ್, ಒಂದೂ ಗೋಲಿಲ್ಲ. ಇದನ್ನ ಮುಚ್ಚಿಡಬೇಕು ಅಂತ ನಾನು ಹೇಳಲ್ಲ. ಸೋಲನ್ನ ಸೋಲು ಅಂತಲೇ ಹೇಳಬೇಕು. ಆದರೆ ಯಾಕೆ ಸೋತ್ವಿ ಅಂತಲೂ ಹೇಳಬೇಕಲ್ಲ? 23ರ ರಾತ್ರಿ, ಅಯೋಧ್ಯೆ ಸುದ್ದಿಗಳ ನಡುವೆ ಹಟ ಹಿಡಿದು ಎರಡು ನಿಮಿಷ ತಗೊಂಡೆ. 76ನೇ ನಿಮಿಷದವರೆಗೆ ನಮ್ಮವರು ಗೋಲು ಬಿಟ್ಟುಕೊಟ್ಟಿರಲಿಲ್ಲ ಅಂತ ಹೇಳಿದೆ. 'ಹೀನಾಯ' ಅನ್ನೋ ಪದ ತೆಗೆಸಿದೆ.

ದೋಹಾದ ಆ ಎಲೆಕ್ಟ್ರಿಷಿಯನ್ ಅದನ್ನ ನೋಡಿದ್ರೋ ಇಲ್ವೋ ಗೊತ್ತಿಲ್ಲ. ನಿಮಗೆ ನಾನು ಕತಾರ್‌ಗೆ ಹೋಗಿ ಅನ್ನಲ್ಲ. ಮುಂದಿನ ಸಲ ಕಂಠೀರವದಲ್ಲಿ ಮ್ಯಾಚ್ ಇದ್ದಾಗ, ಮಕ್ಕಳನ್ನ ಕರ್ಕೊಂಡು ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ನಡೆದು ಬನ್ನಿ. ಗೆದ್ದರೆ ಕೂಗೋಣ. ಸೋತರೆ, ಚಪ್ಪಾಳೆ ತಟ್ಟಿಯೇ ಮನೆಗೆ ಹೋಗೋಣ.