ಮರಳಿನಲ್ಲಿ ದೊರೆತ ಉಂಗುರ ಯಾರದು?

ಮಲ್ಪೆ, ಕಾಪು ಕಡಲತೀರಗಳಲ್ಲಿ ಪ್ರವಾಸಿಗರು ಕಳೆದುಕೊಂಡ ಆಭರಣವು ಲೋಹಶೋಧಕ ಯಂತ್ರಕ್ಕೆ ಸಿಕ್ಕಿದರೆ, ಅದು ಸಿಕ್ಕಿದವನ ಲಾಭವೆಂಬ ಭಾವನೆಯುಂಟು. ಕಾನೂನು ಹಾಗೆನ್ನುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 71ನೇ ಕಲಮಿನಂತೆ ಆತನು ಕೇವಲ ಪಾಲಕ. ಲೆಕ್ಕದ ಭಾಷೆಯಲ್ಲಿ, ಅದು ಆದಾಯವಲ್ಲ, ಹೊಣೆ. ವಸ್ತುವಿನ ರಕ್ಷಣೆಗೂ ಒಡೆಯನ ಶೋಧಕ್ಕೂ ತಗಲಿದ ವೆಚ್ಚ ಸಲ್ಲುವವರೆಗೆ ಅದನ್ನು ತಡೆದಿಟ್ಟುಕೊಳ್ಳಬಹುದು. ದಾವೆ ಹೂಡಲು ಅವಕಾಶವಿರುವುದು ಒಡೆಯನು ಘೋಷಿಸಿದ ಬಹುಮಾನಕ್ಕೆ ಮಾತ್ರ. ಹಳೆಯ ನಾಣ್ಯಗಳ ನಿಧಿಯಾದರೆ ಮಾತೇ ಬೇರೆ: ಅದಕ್ಕೆ 1962ರ ಕರ್ನಾಟಕದ ನಿಧಿ ಅಧಿನಿಯಮವಿದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು.

ಒಡೆಯನನ್ನು ಹುಡುಕಲು ಯತ್ನಿಸದೆ ಅಪ್ರಾಮಾಣಿಕವಾಗಿ ಮಾರಿದವನಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಅನ್ವಯಿಸುತ್ತದೆ. ಉಡುಪಿ, ಕಾರ್ಕಳದ ಆಭರಣ ವರ್ತಕರು ಗಮನಿಸಬೇಕಾದುದು ಇದರ ಮುಂದಿನ ಭಾಗ: ಹೀಗೆ ದುರುಪಯೋಗವಾದ ಸ್ವತ್ತೂ 317ನೇ ಕಲಮಿನ ಪ್ರಕಾರ ಕಳವಿನ ಮಾಲೇ. ಹಾಗೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡವನೂ ಅಪರಾಧಿಯೇ.