ಲೈಕ್ ಒತ್ತಿದವರೆಷ್ಟು, ಬೆಳಿಗ್ಗೆ ಬಂದವರೆಷ್ಟು?

ಮೈಸೂರು: ಆರು ಮೀಟರ್ ಉದ್ದದ ರಿಬ್ಬನ್ನನ್ನು ಗಾಳಿಯಲ್ಲಿ ಹಾವಿನಂತೆ ಆಡಿಸುತ್ತಾ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುವ ಹುಡುಗಿಯರನ್ನು ನೋಡಲು ಈಗ ಒಲಿಂಪಿಕ್ಸಿಗೆ ಹೋಗಬೇಕಿಲ್ಲ. ಸಿಟಿ ಬಸ್ಸೇ ಸಾಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮೊಬೈಲು. ಗೋಕುಲಂ ಸ್ಟಾಪು ಬರೋದರೊಳಗೆ ನಾಲ್ಕು ರೀಲ್ಸ್ ಮುಗಿದಿರುತ್ತೆ, ನಾಲ್ಕು ಲೈಕೂ ಬಿದ್ದಿರುತ್ತೆ.

ಈ ಆಟದ ಹೆಸರು ರಿದಮಿಕ್ ಜಿಮ್ನಾಸ್ಟಿಕ್ಸ್. 1984ರ ಲಾಸ್ ಏಂಜಲೀಸ್ ಕೂಟದಿಂದ ಒಲಿಂಪಿಕ್ಸಿನಲ್ಲಿದೆ, ಅಲ್ಲಿ ಹೆಂಗಸರಿಗೆ ಮಾತ್ರ. 13 ಮೀಟರ್ ಚೌಕದ ಅಂಕಣ. ಒಬ್ಬರಿಗೆ ಸಿಗೋದು ಹೆಚ್ಚೆಂದರೆ 90 ಸೆಕೆಂಡು. ಚಕ್ರ, ಚೆಂಡು, ಜೋಡಿ ದಂಡ, ರಿಬ್ಬನ್ನು ಇವೇ ಸಾಮಾನು. ಕೈತಪ್ಪಿ ಕೆಳಗೆ ಬಿತ್ತೋ, ಅಂಕ ಖೋತಾ! 2024ರ ಪ್ಯಾರಿಸ್ಸಿನಲ್ಲಿ ಚಿನ್ನ ಗೆದ್ದ ಜರ್ಮನಿಯ ದಾರ್ಯಾ ವಾರ್ಫೊಲೊಮೇವ್‌ಗೆ ಆಗಿನ್ನೂ 17 ವರ್ಷ. ಮೈಸೂರಿನ ಹುಡುಗಿಯಾಗಿದ್ದರೆ ಪಿಯುಸಿ ಪುಸ್ತಕ ಹಿಡಿದಿರಬೇಕಾದ ವಯಸ್ಸು.

ಮೊಬೈಲಿನ ಲೆಕ್ಕವೇ ಬೇರೆ. ಅಲ್ಲಿ ತೀರ್ಪುಗಾರರಿಲ್ಲ, ಫಾಲೋವರ್ಸ್ ಇದ್ದಾರೆ. ಪದಕ ಬರದಿದ್ದರೂ ಪರವಾಗಿಲ್ಲ, ಫಾಲೋವರ್ಸ್ ಬಂದರೆ ಸಾಕು ಅನ್ನೋ ಕಾಲ ಇದು.

ಹಾಸನದ ಆ ಹುಡುಗ

ಯೋಗ ಬೇರೆ, ಜಿಮ್ನಾಸ್ಟಿಕ್ಸ್ ಬೇರೆ, ನಿಜ. ಆದರೆ ಮೈ ಮಣಿಸಿ ತೋರಿಸಿ ಜನ ಸೇರಿಸೋ ಕೆಲಸ ಮೈಸೂರಿಗೆ ಹೊಸದಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದರು. ಶಿಷ್ಯರನ್ನು ಕರೆದುಕೊಂಡು ಊರೂರಿಗೆ ಹೋಗಿ ಆಸನಗಳ ಪ್ರದರ್ಶನ ಕೊಟ್ಟರು. 1938ರಲ್ಲಿ ಅವರ ಮತ್ತು ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರ ಆಸನಗಳನ್ನು ಫಿಲ್ಮಿನಲ್ಲೂ ಹಿಡಿದರು. ಸದ್ದಿಲ್ಲದ ಆ ಕಪ್ಪು-ಬಿಳುಪು ಚಿತ್ರವನ್ನು ಜನ ಇವತ್ತಿಗೂ ಮೊಬೈಲಿನಲ್ಲಿ ನೋಡ್ತಾರೆ.

ಅದಕ್ಕೂ ಮುಂಚಿನ ಒಂದು ಸಂಗತಿ ಉಂಟು. 1927ರಲ್ಲಿ ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನ. ನೋಡಿದವರು ಹಲವರು. ಮಾರನೇ ದಿನವೇ ಗುರುವಿನ ಮನೆ ಹುಡುಕಿಕೊಂಡು ಹೋದವನು ಕೌಶಿಕ ಗ್ರಾಮದ 12 ವರ್ಷದ ಒಬ್ಬ ಹುಡುಗ. ಅವನೇ ಮುಂದೆ ಜಗತ್ತು ಬಲ್ಲ ಕೆ. ಪಟ್ಟಾಭಿ ಜೋಯಿಸ್. ಫಾಲೋವರ್ ಅಂದರೆ ಇವನಲ್ಲವೇ?

ಪ್ರದರ್ಶನಕ್ಕೆ ಜನ ಸೇರಿದರು, ಸರಿ. ಶಾಲೆ ಉಳಿಯಿತೇ? ಇಲ್ಲ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂದು ಅರಮನೆಯ ಆಡಳಿತ ಹೋಯಿತು. 1950ರಲ್ಲಿ ಯೋಗಶಾಲೆಗೆ ಬೀಗ ಬಿತ್ತು. ಅಷ್ಟೂ ವರ್ಷದ ಚಪ್ಪಾಳೆ ಒಂದು ತಿಂಗಳ ಖರ್ಚಿಗೂ ಆಗಲಿಲ್ಲ.

ಆದರೆ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಶುರು ಮಾಡಿದ್ದ ಪಾಠ ನಿಲ್ಲಲಿಲ್ಲ. ಸಂಸ್ಕೃತ ಪಾಠಶಾಲೆಯಲ್ಲೂ ಕಲಿಸಿದರು, ಮನೆಯಲ್ಲೂ ಕಲಿಸಿದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸೆಬೆತ್ ಬಂದು ಕಲಿತು, ಪುಸ್ತಕದಲ್ಲಿ ಗುರುವಿನ ವಿಷಯ ಬರೆದರು. ಆಮೇಲೆ ವಿದೇಶದವರು ಒಬ್ಬೊಬ್ಬರಾಗಿ ಬರತೊಡಗಿದರು. ಗೋಕುಲಂನ ಬಾಡಿಗೆ ಮನೆ, ಎಳನೀರು ಅಂಗಡಿ, ಆಟೋ, ಎಲ್ಲಕ್ಕೂ ವ್ಯಾಪಾರ ಕುದುರಿದ್ದು ಹೀಗೆ. ಪ್ರಚಾರ ಬಂದದ್ದು ನಿಜ. ಆದರೆ ಹದಿನಾರು ವರ್ಷ ಪಾಠ ನಡೆದ ಮೇಲೆ!

ಅಂಕ ಮೊದಲು, ಹೆಸರು ಆಮೇಲೆ

ಜಿಮ್ನಾಸ್ಟಿಕ್ಸಿನಲ್ಲೂ ಇದೇ ಕಥೆ. ತ್ರಿಪುರಾದ ದೀಪಾ ಕರ್ಮಾಕರ್ 2016ರ ರಿಯೊ ಒಲಿಂಪಿಕ್ಸ್ ವಾಲ್ಟ್ ಫೈನಲ್ಲಿನಲ್ಲಿ 15.066 ಅಂಕ ಗಳಿಸಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು ಬರೀ 0.150ರಲ್ಲಿ. ರಾತ್ರಿ ಬೆಳಗಾಗೋದರೊಳಗೆ ದೇಶಕ್ಕೆಲ್ಲ ಅವರ ಹೆಸರು ಗೊತ್ತಾಯಿತು. ಅಷ್ಟು ಹೊತ್ತಿಗೆ ಅವರು ಆರನೇ ವಯಸ್ಸಿನಿಂದ ಬೆವರು ಸುರಿಸಿದ್ದರು. ಕೋಚ್ ಬಿಶ್ವೇಶ್ವರ್ ನಂದಿ ಅಗರ್ತಲಾದಲ್ಲಿ ಅವರನ್ನು ತಿದ್ದುತ್ತಿದ್ದಾಗ ಕೇಳುವವರು ಯಾರು? ಮಂಡಿಗೆ ಆಪರೇಷನ್ ಆಯಿತು, ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅಮಾನತೂ ಆಯಿತು. ಅದೆಲ್ಲ ಕಳೆದು 2024ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ಪಿನ ಚಿನ್ನ ಗೆದ್ದು, ಅದೇ ಅಕ್ಟೋಬರಿನಲ್ಲಿ ನಿವೃತ್ತಿ ಹೇಳಿದರು.

ಜಿಮ್ನಾಸ್ಟ್ ಹುಡುಗಿಯ ಆಟದ ಆಯುಸ್ಸು ಚಿಕ್ಕದು. ಅವಳಿಗೆ ಬೇಕಾದ್ದು ಎತ್ತರದ ಹಾಲು, ಮೆತ್ತನೆ ಮ್ಯಾಟು, ದಿನಾ ತಪ್ಪದೆ ಬರೋ ಕೋಚು, ಪೆಟ್ಟಾದರೆ ನೋಡೋ ಡಾಕ್ಟರು. ಲೈಕು ಇದರಲ್ಲಿ ಯಾವುದನ್ನೂ ಕೊಡಿಸೋದಿಲ್ಲ.

ದಸರಾ ಬಂತೆಂದರೆ ಮಾರುದ್ದದ ಫ್ಲೆಕ್ಸ್ ಕಟ್ಟಿಸೋ ಅಂಗಡಿ ಸಾಹುಕಾರರು ಮೈಸೂರಿನಲ್ಲಿ ಕಮ್ಮಿಯೇನಿಲ್ಲ. ಒಂದು ಫ್ಲೆಕ್ಸಿನ ದುಡ್ಡು ಬೀದಿಯ ಒಬ್ಬ ಹುಡುಗಿಯ ಒಂದು ಮ್ಯಾಟಿಗೆ ಹೋಗಲಿ. ಮಳೆ ಬಂದರೆ ಫ್ಲೆಕ್ಸು ಹರಿಯುತ್ತೆ. ಆ ಹುಡುಗಿ ಮಳೆಯಲ್ಲೂ ಆರು ಗಂಟೆ ಬಸ್ಸಿಗೆ ನಿಂತಿರ್ತಾಳೆ.